ಕೋರಿಕೆ ನಿಲುಗಡೆ

ಇಪ್ಪತ್ತೊಂಬತ್ತು ವರ್ಷ ದುರ್ಗದ ಮೇಲೆ ಬಸ್ಸು ಓಡಿಸಿದವರು
ಒಂದು ದಿನವೂ ಕೋಟೆ ಹತ್ತಿರಲಿಲ್ಲ.
"ದುರ್ಗದಾಗೆ ಹತ್ತು ನಿಮಿಷ ಟೈಮು, ಹಾಲಮ್ಮ,
ಒಂದು ಟೀ, ಒಂದು ಉಚ್ಚೆ, ಮುಗೀತು" ಅನ್ನೋರು.

ರಿಟೈರಾದ ಮೂರನೇ ತಿಂಗಳು
ಅಳಿಯನ ಹಳೇ ಓಮ್ನಿ ತೊಳೆದು ನಿಲ್ಲಿಸಿ
"ನಡಿ, ಬೋರ್ಡಿನಾಗೆ ಓದಿದ್ದನ್ನೆಲ್ಲ ನೋಡ್ಕಂಡು ಬರಾಣ" ಅಂದರು.
ನಾನು ಚೀಟಿ ಬರೆದೆ.
ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚಾಪೆ,
ಅವರ ಮಂಡಿಗೆ ಹಚ್ಚುವ ಎಣ್ಣೆ.

ಕೋಟೆಯಲ್ಲಿ ಮೊದಲ ಬಾಗಿಲು ದಾಟಿ ಬಲಕ್ಕೆ, ಆಮೇಲೆ ಎಡಕ್ಕೆ,
ಮತ್ತೆ ಎದುರಿಗೆ ಗೋಡೆ.
ಗೈಡು ಶತ್ರು, ಆನೆ ಅಂತ ಶುರು ಮಾಡುವ ಮೊದಲೇ
ಇವರು ತಿರುವನ್ನು ಕಣ್ಣಲ್ಲೇ ಅಳೆದು
"ಇಲ್ಲಿ ಆನೆಗೆ ಸೆಕೆಂಡ್ ಗೇರೂ ಬೀಳಲ್ಲ, ರಿವರ್ಸೂ ಆಗಲ್ಲ.
ಕಟ್ಟಿದೋನು ಡ್ರೈವರ್‌ಗಳನ್ನ ಬಲ್ಲೋನು" ಅಂದರು.
ಗೈಡು ನಗಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡ.

ಕಿಂಡಿಯ ಹತ್ತಿರ ಫೋಟೊ ತೆಗೆಯೋರ ಸಾಲು; ನಾವು ಹೋಗಲಿಲ್ಲ.
ಎಣ್ಣೆ ಕೊಳದ ದಂಡೆಗೆ ಕೂತು
ಇಷ್ಟು ಎಣ್ಣೆಗೆ ಎಷ್ಟು ಮದುವೆಯ ಮಿರ್ಚಿ ಕರಿಯಬಹುದು ಅಂತ
ಲೆಕ್ಕ ಹಾಕಿದೆ. ಅವರು ಮಂಡಿ ಒತ್ತಿಕೊಂಡರು.
ಆಚೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು
ಯಾವುದೋ ಬಸ್ಸು ತಪ್ಪಿಸಿಕೊಂಡವರ ಹಾಗೆ
ಕೈ ಬೀಸುತ್ತಲೇ ಇದ್ದವು.

ಸಂತೇಬೆನ್ನೂರಿನ ಹೊಂಡದಲ್ಲಿ ನೀರು ಹಸಿರು.
ನಟ್ಟನಡುವೆ ಮಂಟಪ, ಹೋಗಲಿಕ್ಕೆ ದಾರಿ ಇಲ್ಲ.
"ಕಟ್ಟಿ, ದಾರಿ ಬಿಡದಿದ್ರೆ ಯಾರಿಗಂತ ಕಟ್ಟಿದ್ರು?"
"ದಂಡೇಲಿ ಕೂತು ನೋಡೋರಿಗೆ."
ರೊಟ್ಟಿ ಮುರಿದು ಕೊಟ್ಟೆ. ಬಹಳ ಹೊತ್ತು ಅಗಿದರು.

ಹರಿಹರದಲ್ಲಿ ಒಂದೇ ಕಲ್ಲು:
ಬಲಕ್ಕೆ ಹರ, ಎಡಕ್ಕೆ ಹರಿ.
ಗೊರಕೆ ಯಾವ ಅರ್ಧದ್ದು ಅಂತ ಕಿವಿಯಲ್ಲಿ ಕೇಳಿದೆ.
ಪೂಜಾರಿ ತಿರುಗಿ ನೋಡುವಷ್ಟು ಜೋರಾಗಿ ನಕ್ಕರು.
ಚೀಟಿ ಅಲ್ಲಿಗೆ ಮುಗಿದಿತ್ತು.

ಆಮೇಲೆ ಇಂಡಿಕೇಟರ್ ಹಾಕದೆ ತಿರುಗಿಸಿದರು,
ಯಾವತ್ತೂ ಹಾಗೆ ಮಾಡಿದ ಮನುಷ್ಯ ಅಲ್ಲ.
ಆರೋಗ್ಯಮಾತೆಯ ದೊಡ್ಡ ಚರ್ಚು.
ಚಪ್ಪಲಿ ಎಲ್ಲಿ ಬಿಡಬೇಕು ಅಂತ ಯಾರನ್ನೂ ಕೇಳಲಿಲ್ಲ.
ಮೇಣದ ಬತ್ತಿ ಮಾರುವ ಮುದುಕಿ
"ಈ ವರ್ಷ ತಡ ಆತಲ್ಲ, ಪಾಲಾಕ್ಷಣ್ಣ" ಅಂದಳು.

ಒಂದು ಬತ್ತಿ ಹಚ್ಚಿದರು. ಗಾಳಿಗೆ ಆರಿತು. ಮತ್ತೆ ಹಚ್ಚಿದರು.
"ತೊಂಬತ್ನಾಕು. ಸೇತುವೆಯ ಈ ಕಡೆ.
ಹುಡುಗ, ಸೈಕಲ್ಲು ಅವನಿಗಿಂತ ದೊಡ್ಡದು.
ನನ್ನ ತಪ್ಪಿಲ್ಲ ಅಂತ ಬರಕೊಟ್ರು.
ಅವರ ತಾಯಿ ಇಲ್ಲಿಗೆ ನಡಕೊಳ್ಳೋರು."

ತೊಂಬತ್ನಾಲ್ಕು.
ಕಾಮಾಲೆ ಅಂತ ಒಂದು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.
ನಾನು ಉಪ್ಪು, ಖಾರ, ಎಣ್ಣೆ ಬಿಟ್ಟು ಅಡುಗೆ ಮಾಡಿದ್ದೆ.
ಊರೂರು ತಿರುಗಿ ನಾಟಿ ಔಷಧಿ ತಂದಿದ್ದೆ.
ಎಲ್ಲ ಕುಡಿದಿದ್ದರು, ಒಂದು ಮಾತಿಲ್ಲದೆ.

ನಾನೂ ಒಂದು ಬತ್ತಿ ಕೊಂಡೆ.
ಹತ್ತು ರೂಪಾಯಿ ಚಿಲ್ಲರೆ ಮುದುಕಿ ಹತ್ತಿರ ಇರಲಿಲ್ಲ.
ಮುಂದಿನ ವರ್ಷಕ್ಕೆ ಇಟ್ಟುಕೋ ಅಂದೆ.

ವಾಪಸ್ ಬರುವಾಗ ಕತ್ತಲು.
ದೊಡ್ಡಬಾತಿ ಹತ್ತಿರ ಹಳೇ ಸ್ಟಾಪು,
ಕಂಬವೂ ಇಲ್ಲ ಈಗ, ಬೋರ್ಡೂ ಇಲ್ಲ,
ಕಾಲು ತಾನಾಗಿ ಬ್ರೇಕಿಗೆ ಹೋಗಿ ಗಾಡಿ ನಿಂತಿತು.
ಇಳಿಯೋರಿಲ್ಲ. ಹತ್ತೋರಿಲ್ಲ.
ಹಿಂದಿನ ಲಾರಿ ಹಾರ್ನ್ ಹೊಡೆದು ಪಕ್ಕಕ್ಕೆ ಹೋಯಿತು.
ಅವರು ಕನ್ನಡಿಯಲ್ಲಿ ಏನನ್ನೋ ನೋಡುತ್ತಲೇ ಇದ್ದರು.

ನೋಡಲಿ ಅಂತ ಬಿಟ್ಟೆ.
ಆಮೇಲೆ ಬಾಗಿಲ ತಗಡಿಗೆ ಎರಡು ಸಲ ತಟ್ಟಿ
"ರೈಟ್" ಅಂದೆ.