ಲಾವೆರ್‌ನ ಪಾಲು

ಒಡುಮಾಸೆಯಲ್ಲಿ ಬಾಟಲಿ ಕುಟ್ಟುವ ಸದ್ದು
ಕೋಳಿಗಿಂತ ಮೊದಲೇಳುತ್ತದೆ.
ಹಸಿರು, ಅಕ್ರಾದ ಬಿಯರಿನದು. ಕಂದು, ಕೆಮ್ಮಿನ ಸಿರಪ್ಪಿನದು.
ನೀಲಿ ಸಿಕ್ಕರೆ ಮಾಕು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ,
ನೀಲಿ ಈಗೆಲ್ಲಿ ಸಿಗುತ್ತದೆ?

ಹನ್ನೊಂದು ಹೆಂಗಸರು, ಒಂದು ಆವಿಗೆ,
ಪುಟಪುಟಕ್ಕೂ ಬೂದಿಯ ಬೆರಳಚ್ಚಿರುವ
ಲೆಕ್ಕದ ಪುಸ್ತಕ.

ತೂರಾಡುತ್ತ ಬಂದ ಲಾವೆರ್, ಹೆಗಲ ಮೇಲೆ ಗಲಗಲ ಚೀಲ:
"ಇಷ್ಟನ್ನೂ ಖಾಲಿ ಮಾಡಿದ್ದು ಯಾರು? ನಾನು.
ಅರ್ಧ ಕೆಲಸ ನನ್ನದೇ. ಪಾಲು ಕೊಡಿ."
ಒನಕೆಗಳು ನಿಂತವು, ನಗು ನಿಲ್ಲಲಿಲ್ಲ.
ಮಾಕು ಅವನ ಅಕ್ಕ. ತಲೆಯೆತ್ತದೆ
ಅಚ್ಚಿನ ಗುಳಿಗೆ ಗಾಜಿನ ಹಿಟ್ಟು ತುಂಬಿ
ನಡುವೆ ಮರಗೆಣಸಿನ ತೊಟ್ಟು ನೆಟ್ಟಳು.
ಬೆಂಕಿಯಲ್ಲಿ ತೊಟ್ಟು ಉರಿದುಹೋಗುತ್ತದೆ,
ಅದಿದ್ದ ಜಾಗ
ದಾರಕ್ಕೆ.

ಸಂಜೆ ಪುಸ್ತಕದಲ್ಲಿ ಹನ್ನೆರಡನೆಯ ಹೆಸರು.
ಮುಂದೆ ಸೆಡಿ ಬರೆದಿಲ್ಲ.
"ನಾಳೆ ಬರಲಿ. ಕೋಳಿಗಿಂತ ಮೊದಲು."