ಹದಿನಾಲ್ಕನೇ ಕಲಮು

ಸೋಮವಾರ ಪಾಠ ಮಾಡಿದ್ದೆ, ಐದನೇ ತರಗತಿಗೆ:
ನಿನ್ನ ಮೈ ನಿನ್ನದು, ನಿನ್ನ ಮನೆ ನಿನ್ನದು,
ನೀನು ಬರೆದ ಕಾಗದ, ನಿನಗೆ ಬಂದ ಕಾಗದ ನಿನ್ನದು.
ಸುಮ್ಮಸುಮ್ಮನೆ ತಡಕುವ ಹಾಗಿಲ್ಲ ಯಾರೂ,
ಪೊಲೀಸರೂ, ಮಂತ್ರಿಯೂ.
ಕೋಫಿಂವಾಬದ ತಗಡಿನ ಸೂರಿನ ಕೆಳಗೆ
ನಲವತ್ತೆರಡು ಮಕ್ಕಳು ಒಕ್ಕೊರಲಲ್ಲಿ ಒಪ್ಪಿಸಿದರು
ಮಗ್ಗಿ ಒಪ್ಪಿಸಿದ ಹಾಗೆ.
ನನಗೂ ಅಷ್ಟೇ ಸಾಕಿತ್ತು. ಪರೀಕ್ಷೆಗೆ ಬರುವ ಪ್ರಶ್ನೆ.

ಬುಧವಾರ, ಭಿನ್ನರಾಶಿಯ ನಡುವೆ,
ಮೂರನೇ ಬೆಂಚಿನಿಂದ ಐದನೇ ಬೆಂಚಿಗೆ
ಚೀಟಿಯೊಂದು ಹೊರಟಿತ್ತು, ಎಂಟು ಮಡಿಕೆ.
ದಾರಿಯಲ್ಲೇ ಹಿಡಿದೆ.
ಇಪ್ಪತ್ತಾರು ವರ್ಷದಿಂದ ನನ್ನದು ಒಂದೇ ಶಿಕ್ಷೆ:
ಸಿಕ್ಕ ಚೀಟಿಯನ್ನು ಎಲ್ಲರೆದುರು ಜೋರಾಗಿ ಓದುವುದು.
ಕ್ಲಾಸಿಗೆ ಕ್ಲಾಸೇ ಹಲ್ಲು ಕಿರಿದು ಕಾದಿತ್ತು.

ಲುಖಾನ್ಯೊ ಎದ್ದು ನಿಂತ. ಒಂದು ಕಾಲಿನ ಸಾಕ್ಸು ಜಾರಿತ್ತು.
"ಮಿಸ್, ಹದಿನಾಲ್ಕು" ಅಂದ.
ಭಿನ್ನರಾಶಿಯ ಉತ್ತರ ಅಂದುಕೊಂಡು
"ತಪ್ಪು, ಕೂತ್ಕೊ" ಅಂದೆ.
"ಲೆಕ್ಕದ್ದಲ್ಲ ಮಿಸ್. ಕಲಮು."

ಗೇಣುದ್ದದ ಹುಡುಗ, ಗುರುವಿಗೇ ತಿರುಮಂತ್ರ!
ಹಟಕ್ಕೆ ಬಿದ್ದು ಮೊದಲ ಮಡಿಕೆ ಬಿಚ್ಚಿದೆ.
ಬಿಚ್ಚಿದಾಗ ಕಾಗದ ಮಾಡಿತಲ್ಲ, ಆ ಸದ್ದು,

ಕ್ವೀನ್ಸ್‌ಟೌನಿನ ಬಸ್ ನಿಲ್ದಾಣ. ನನಗೆ ಏಳು.
ಪಾಸು ಕೇಳಿದವರು ಅಮ್ಮನ ಚೀಲ ರಸ್ತೆಗೆ ಸುರಿದಿದ್ದರು:
ಸಾಬೂನು, ಅರ್ಧ ಬ್ರೆಡ್ಡು, ಅಪ್ಪನ ಕಾಗದ.
ಬಿಳಿ ಸಾಹೇಬನಿಗೆ ನಮ್ಮ ಮಾತು ಬಾರದು;
ನಮ್ಮವನೇ ಒಬ್ಬ ಕಾನ್‌ಸ್ಟೇಬಲ್ ಓದಿ ಹೇಳಿದ,
ರಾಗ ಎಳೆದು:
ಗಣಿಯಿಂದ ಮೇಲೆ ಬಂದ ರಾತ್ರಿ
ನಿನ್ನ ತಣ್ಣನೆಯ ಪಾದ ನೆನಪಾಗುತ್ತದೆ.
ಸಾಲಿಗೆ ಸಾಲೇ ನಕ್ಕಿತು.
ನಾನೂ ನಕ್ಕೆ, ಎಲ್ಲರೂ ನಗುತ್ತಿದ್ದಾರಲ್ಲ ಅಂತ.
ಅಮ್ಮ ತನ್ನ ಕಾಲು ನೋಡಿಕೊಂಡಳು.

ಆಮೇಲೆ ಬಂದ ಕಾಗದಗಳಲ್ಲಿ
ಎಷ್ಟು ದುಡ್ಡು ಕಳಿಸಿದೆ ಅನ್ನುವುದು ಮಾತ್ರ ಇರುತ್ತಿತ್ತು.

ಬಿಚ್ಚಿದ ಮಡಿಕೆಯನ್ನು ಮತ್ತೆ ಮಡಿಚಿದೆ.
ನಡೆದು ಹೋಗಿ ಯಾಮ್ಕೆಲಾಳ ಕೈಗೆ ಕೊಟ್ಟೆ
ಅಂಚೆಯವನ ಹಾಗೆ.
"ಪಾಠದ ಹೊತ್ತಲ್ಲಿ ಚೀಟಿ ಆಡಿದ್ದಕ್ಕೆ
ಇಬ್ಬರೂ ಬೋರ್ಡು ಒರೆಸಬೇಕು" ಅಂದೆ. ಅದು ಬೇರೆ ಲೆಕ್ಕ.
ಲುಖಾನ್ಯೊ ಸಾಕ್ಸು ಎಳೆದುಕೊಂಡು ಕೂತ.

ಏನು ಬರೆದಿತ್ತೋ, ಇವತ್ತಿಗೂ ಗೊತ್ತಿಲ್ಲ.
ಮಡಿಕೆಯ ಅಂಚಲ್ಲಿ ಒಂದೇ ಒಂದು ಪದ ಕಂಡಿತ್ತು,
ಅದರಲ್ಲೊಂದು ಅಕ್ಷರ ತಪ್ಪು.
ಜೇಬಿನ ಕೆಂಪು ಪೆನ್ನು
ಶಾಲೆ ಬಿಡುವವರೆಗೂ ಕಡಿಯುತ್ತಲೇ ಇತ್ತು.