ಎರಡು ಅಂಕ

ರಕ್ತನಿಧಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು
ನೂರಾ ಹದಿನಾಲ್ಕು ಪ್ರಶ್ನೆಗಳ ಹಾಳೆ ಹಿಡಿದು ಕೂತೆ.
ದುರ್ಗಿಗುಡಿಯ ಆ ಅಡ್ಡರಸ್ತೆಯಲ್ಲಿ
ಫ್ರಿಜ್ಜುಗಳ ಗುಂಯ್ ಬಿಟ್ಟರೆ ಸದ್ದಿಲ್ಲ.
ಸೊನ್ನೆಯಿಂದ ಐದರ ತನಕ ಅಂಕ ಕೊಡುವುದು ನನ್ನ ಕೆಲಸ.
ಸೊನ್ನೆಯೆಂದರೆ ಏನೂ ಇಲ್ಲ.
ಐದು –
ಹನ್ನೊಂದು ವರ್ಷವಾಯಿತು, ಇನ್ನೂ ಕಂಡಿಲ್ಲ.

"ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು?"
"ಎಲ್ಲರಿಗೂ ಗೊತ್ತು ಮೇಡಂ," ಎಂದರು ಹಾಲಸ್ವಾಮಿ,
ನಮ್ಮಲ್ಲಿ ಬಚ್ಚಿಡುವುದೇನಿದೆ ಎಂಬ ಹೆಮ್ಮೆಯಲ್ಲಿ.
ಕಂಪ್ಯೂಟರಿನ ಹಣೆಗೇ ಚೀಟಿ ಅಂಟಿಸಿತ್ತು:
ಸಂಸ್ಥೆಯ ಹೆಸರು, ಶುರುವಾದ ಇಸವಿ.
ಹೊರಗಿನ ಬೋರ್ಡಿನ ಮೇಲೂ ಅದೇ,
ರಾತ್ರಿಯಿಡೀ ಟ್ಯೂಬ್‌ಲೈಟಿನ ಕೆಳಗೆ.

"ಬ್ಯಾಕಪ್?"
ಬೀರು ತೆಗೆದು, ಬಿಳಿ ವಸ್ತ್ರದಲ್ಲಿ ಸುತ್ತಿದ ಡಿಸ್ಕು ತಂದರು.
ಅದರ ಬೆನ್ನಿಗೆ ಅರಿಸಿನ ಕುಂಕುಮ,
ಮೂರು ಆಯುಧಪೂಜೆಗಳ ಪದರ.
"ಯಾವತ್ತಾದರೂ ತೆರೆದು ನೋಡಿದ್ದೀರಾ?"
ಪೂಜಿಸಿದ್ದನ್ನು ತೆರೆದು ನೋಡುವುದುಂಟೇ
ಎಂಬಂತೆ ನನ್ನ ಮುಖ ನೋಡಿದರು.

ತೆರೆದೆವು.
ಫಿಲೋಮಿನಾ ಸಿಸ್ಟರ್ ಕನ್ನಡಕ ಏರಿಸಿಕೊಂಡು ಬಂದು ನಿಂತರು.
ಯಾರದೋ ನಾಮಕರಣದ ನಲವತ್ತು ಫೋಟೋ.
ಅರ್ಧಕ್ಕೆ ನಿಂತ ಒಂದು ಯಕ್ಷಗಾನದ ವಿಡಿಯೋ.
ರಕ್ತದ ಲೆಕ್ಕ ಮಾತ್ರ
ಎರಡು ವರ್ಷದ ಹಿಂದಿನ ಒಂದು ಮಂಗಳವಾರಕ್ಕೆ
ಮುಗಿದುಹೋಗಿತ್ತು.

"ಇವತ್ತು ರಾತ್ರಿ ಯಾರೋ ಎಲ್ಲವನ್ನೂ ಬೀಗ ಹಾಕಿ
ಹಣ ಕೊಡಿ ಎಂದರೆ?"
ಹಾಲಸ್ವಾಮಿ ಕಣ್ಣು ಮುಚ್ಚಿದರು.
"ಓ ನೆಗೆಟಿವ್: ಆಯನೂರಿನ ವೆಲ್ಡರ್, ಫೋನಿಲ್ಲ,
ಪಕ್ಕದ ಹೋಟೆಲಿಗೆ ಮಾಡಬೇಕು.
ಕುಂಸಿಯ ಟೈಲರ್ ಜೈತುನ್‌ಬಿ, ರಂಜಾನಿನಲ್ಲಿ ಕರೆಯಬಾರದು.
ಹೊಸನಗರದ ಪೋಸ್ಟ್‌ಮನ್, ಜುಲೈನಲ್ಲಿ ಕೊಟ್ಟಿದ್ದಾನೆ, ಈಗ ಬೇಡ…"
ಇಪ್ಪತ್ತಾರು ಜನ, ನಿಲ್ಲದೆ.
ನನ್ನ ಹಾಳೆಯಲ್ಲಿ ಇದಕ್ಕೆ ಕಲಮೇ ಇರಲಿಲ್ಲ.
"ನಿಮ್ಮ ನಿವೃತ್ತಿ ಯಾವಾಗ?"
"ಬರುವ ಏಪ್ರಿಲ್ಲಿಗೆ."
ಫ್ರಿಜ್ಜುಗಳು ಗುಂಯ್‌ಗುಟ್ಟಿದವು.

ಒಂದು ಎಂದು ಬರೆದೆ.

ಕಾರ್ಯದರ್ಶಿ ನಕ್ಕರು: "ನಮ್ಮಂಥ ಬಡವರ ಮನೆಗೆ ಯಾವ ಕಳ್ಳ ಬರ್ತಾನೆ?"
ಕಳ್ಳನಿಗೆ ರಕ್ತ ಬೇಡ ಸಾರ್.
ರಕ್ತಕ್ಕಾಗಿ ನೀವು ಒದ್ದಾಡುವ ಆ ಎರಡು ಗಂಟೆ ಬೇಕು.
ಅದಕ್ಕೆ ಬೆಲೆ ಕಟ್ಟಬಲ್ಲವನು ಅವನೊಬ್ಬನೇ.
ಊರು ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಏನು?

ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಎಂದಾಗ
ಹಾಲಸ್ವಾಮಿ ಕುರ್ಚಿ ಬಿಟ್ಟು ಎದ್ದರು.
"ಮೂವತ್ತು ವರ್ಷ. ನನ್ನ ಮೇಲೆ ನಂಬಿಕೆ ಇಲ್ಲವಾ?"
ಉತ್ತರ ನನ್ನದಲ್ಲ, ಸಿಸ್ಟರದು:
"ಚೀಲದ ಮೇಲೆ ನೀವೇ ಗುಂಪು ಬರೆದಿರ್ತೀರಿ.
ಆದರೂ ಕೊಡೋ ಮುಂಚೆ
ನಾನು ಮತ್ತೆ ಕ್ರಾಸ್‌ಮ್ಯಾಚ್ ಮಾಡಲ್ವಾ?
ಸ್ವಂತ ತಮ್ಮನ ರಕ್ತವಾದರೂ?"
ಅವರು ಕೂತರು. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು.
ಗೋಂದಿನ ಚೌಕ ಇನ್ನೂ ಅಲ್ಲೇ ಇದೆ.

ಆಮೇಲೆ ದೊಡ್ಡದೇನೂ ನಡೆಯಲಿಲ್ಲ.
ಎರಡನೇ ಶನಿವಾರ ಹಳೆಯ ಕಂಪ್ಯೂಟರೊಂದಕ್ಕೆ
ಡಿಸ್ಕಿನಿಂದ ಎಲ್ಲವನ್ನೂ ಮತ್ತೆ ಎಬ್ಬಿಸುವುದು,
ಸಿಸ್ಟರ್ ನಾಡಿ ನೋಡುವ ಗಡಿಯಾರದಲ್ಲಿ ಹೊತ್ತು ಅಳೆಯುವುದು.
ಮೊದಲ ಸಲ ನಾಲ್ಕು ತಾಸು, ಮತ್ತು ಒಂದು ಜಗಳ.
ಐದನೇ ಸಲ ಮೂವತ್ತೆಂಟು ನಿಮಿಷ.
ವೆಲ್ಡರನ ಹೋಟೆಲ್ ನಂಬರು, ಜೈತುನ್‌ಬಿಯ ಉಪವಾಸ
ಹಾಲಸ್ವಾಮಿಯ ತಲೆಯಿಂದ ಇಳಿದು ಸಾಲುಸಾಲಾಗಿ ಕೂತವು.
ಹೇಳಿ ಬರೆಸುವಾಗ ಅವರ ದನಿ
ಮನೆ ಖಾಲಿ ಮಾಡುವವರ ದನಿಯಂತಿತ್ತು.

ಮಾರ್ಚಿನಲ್ಲಿ ಎರಡು ಕೊಟ್ಟೆ.
"ಇಷ್ಟೆಲ್ಲ ಮಾಡಿಯೂ ಎರಡೇನಾ?"
ಎರಡೆಂದರೆ, ಮಾಡಿದ್ದನ್ನು ಮತ್ತೊಮ್ಮೆ ಮಾಡಬಲ್ಲಿರಿ ಎಂದು.
ಅಷ್ಟು ಬಹಳ ಕಡೆ ಇಲ್ಲ.

ಡಿಸ್ಕಿನ ಬೆನ್ನಲ್ಲಿ ಕುಂಕುಮ ಹಾಗೇ ಇತ್ತು,
ಪಕ್ಕದಲ್ಲಿ ತಾರೀಖುಗಳು, ಪೆನ್ಸಿಲಿನಲ್ಲಿ.
ಹೊರಟಾಗ ಹಾಲಸ್ವಾಮಿ ಕೇಳಿದರು:
"ನಿಮ್ಮ ರಕ್ತದ ಗುಂಪು ಯಾವುದು ಮೇಡಂ?"
"ಬಿ ಪಾಸಿಟಿವ್ ಅನ್ಸುತ್ತೆ."
"ಅನ್ಸುತ್ತೆ?"
ಹತ್ತಿ, ಸ್ಪಿರಿಟ್, ಸೂಜಿ ತೆಗೆಯುತ್ತಾ, ನಗದೆ:
"ಇದಕ್ಕೆ ಎಷ್ಟು ಅಂಕ?"